ಮಂಗಳೂರಿನ ಹಳೆ ಬಂದರಿನಲ್ಲಿ ಬಾಡಿಗೆ ಮನೆ: ಹೋಗಬಹುದೇ?

ವರ್ಗವಾಗಿ ಮಂಗಳೂರಿಗೆ ಬರುತ್ತಿದ್ದೀರಿ, ಬಂದರಿನಲ್ಲಿ ಹಳೆಯ ಹಂಚಿನ ಮನೆ ಸಿಕ್ಕಿದೆ, ಮಕ್ಕಳನ್ನು ಕರೆದುಕೊಂಡು ಅಲ್ಲಿ ಇರಬಹುದೇ ಎಂದು ಕೇಳಿದ್ದೀರಿ. ನಾನು ಇಲ್ಲೇ ಹುಟ್ಟಿ ಬೆಳೆದವನು. ಧಾರಾಳವಾಗಿ ಬನ್ನಿ ಅಂತಲೇ ಹೇಳುತ್ತೇನೆ. ಆದರೆ ಇದು ದುಡಿಯುವ ಜಾಗ, ವಿಹಾರದ ಕಡಲತೀರ ಅಲ್ಲ. ಅದನ್ನು ತಿಳಿದೇ ಬನ್ನಿ.

ಪಣಂಬೂರಿನ ಹೊಸ ಬಂದರು 1974ರಲ್ಲಿ ಮೇಜರ್ ಬಂದರಾದ ಮೇಲೆ ದೊಡ್ಡ ಹಡಗುಗಳು ಅಲ್ಲಿಗೆ ಹೋದವು. ನಮ್ಮಲ್ಲಿ ಉಳಿದದ್ದು ಫಲ್ಗುಣಿ ನದಿ ದಂಡೆಯ ದಕ್ಕೆ (ದೋಣಿ ಕಟ್ಟಿ ಮೀನು, ಸರಕು ಇಳಿಸುವ ಕಟ್ಟೆ), ಸಗಟು ಅಂಗಡಿಗಳು, ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿಗಳು, ಅಂದರೆ ಮರದ ಸರಕು ಹಡಗುಗಳು. ಹಾಗಾಗಿ ಮನೆ ನೋಡಲು ಭಾನುವಾರ ಬರಬೇಡಿ, ಕೆಲಸದ ದಿನ ಬೆಳಿಗ್ಗೆ ಬನ್ನಿ. ಲಾರಿಗಳು ಗಲ್ಲಿಗೆ ಅಡ್ಡ ನಿಂತಿರುತ್ತವೆ, ಮೂಟೆ ಹೊತ್ತವರಿಗೆ ನೀವೇ ದಾರಿ ಬಿಡಬೇಕು. ಕಾರು ನಿಲ್ಲಿಸಲು ಜಾಗ ಎಲ್ಲಿದೆ ಎಂದೂ ಆಗಲೇ ಗೊತ್ತಾಗುತ್ತದೆ. ದಕ್ಕೆಯ ಹತ್ತಿರವಾದರೆ ಮೀನಿನ ವಾಸನೆ ಇದ್ದೇ ಇರುತ್ತದೆ.

ಮನೆಯ ಒಳಗೆ ಮೊದಲು ಮಾಡು, ಅಂದರೆ ಛಾವಣಿ ನೋಡಿ. ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದಂದಿನಿಂದ ನಮ್ಮೂರ ಹಂಚಿಗೆ ಹೆಸರು. ಹಂಚು ಸುಲಭಕ್ಕೆ ಹಾಳಾಗುವುದಿಲ್ಲ. ಹಾಳಾಗುವುದು ಅದರ ಅಡಿಯ ಮರ. ಪಕ್ಕಾಸನ್ನು (ಹಂಚು ಹೊರುವ ಮರದ ತೊಲೆ) ಚೂರಿಯ ತುದಿಯಿಂದ ಒತ್ತಿ ನೋಡಿ, ಹಿಟ್ಟಿನಂತೆ ಉದುರಿದರೆ ಹುಳು ಹಿಡಿದಿದೆ ಎಂದರ್ಥ. ಮುರಕಲ್ಲಿನ (ಕೆಂಪುಕಲ್ಲಿನ) ಗೋಡೆಯ ಬುಡದಲ್ಲಿ ಸುಣ್ಣ ಉಬ್ಬಿ ಕಳಚಿದ್ದರೆ ತೇವ ಮೇಲೇರುತ್ತಿದೆ. ಜೂನ್‌ಗೆ ಮುಂಚೆ ಒಡೆದ ಹಂಚು ಬದಲಿಸಿ ಕೊಡುವವರು ಯಾರು, ನೀವೋ ಯಜಮಾನರೋ? ಬಾಯಿಮಾತು ಬೇಡ, ಕರಾರಿನಲ್ಲಿ ಬರೆಸಿಕೊಳ್ಳಿ. ಬಾವಿ ಇದ್ದರೆ ಏಪ್ರಿಲ್, ಮೇ ತಿಂಗಳಲ್ಲಿ ನೀರು ಉಪ್ಪಾಗುತ್ತದೆಯೇ ಎಂದು ಪಕ್ಕದ ಮನೆಯವರನ್ನು ಕೇಳಿ. ಉಪ್ಪುಗಾಳಿಗೆ ಫ್ರಿಜ್ಜು, ಕಿಟಕಿ ಸರಳು ಎಲ್ಲ ಬೇಗ ತುಕ್ಕು ಹಿಡಿಯುತ್ತವೆ.

ಇಷ್ಟೆಲ್ಲ ಇದ್ದರೂ ನನಗೆ ಬೇರೆ ಕಡೆ ಮನಸ್ಸು ನಿಲ್ಲುವುದಿಲ್ಲ. ನಿಮ್ಮ ಮಕ್ಕಳು ಒಂದೇ ಗಲ್ಲಿಯಲ್ಲಿ ಬ್ಯಾರಿ, ತುಳು, ಕೊಂಕಣಿ, ಕನ್ನಡ ಕೇಳುತ್ತಾ ಬೆಳೆಯುತ್ತಾರೆ. ಕಾಯಿಲೆ ಬಿದ್ದರೆ ಅಂಗಡಿಯವರೇ ರಿಕ್ಷಾ ಕರೆಯುತ್ತಾರೆ. ಬಂಗುಡೆ, ಬೂತಾಯಿ ಮೀನು ಮನೆ ಬಾಗಿಲಲ್ಲೇ ತಾಜಾ ಸಿಗುತ್ತದೆ. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆಗ ನಾಡದೋಣಿಯವರು ತಂದಷ್ಟೇ, ಬೆಲೆಯೂ ಜಾಸ್ತಿ. ಅದಕ್ಕೆ ಇಲ್ಲಿನವರು ಬೇಸಿಗೆಯಲ್ಲೇ ಒಣಮೀನು ತೆಗೆದಿಟ್ಟಿರುತ್ತಾರೆ, ನೀವೂ ಹಾಗೇ ಮಾಡಿ.