ಆಫ್ ಮಾಡಿದರೂ ಮಿಣುಕುವ ಬಲ್ಬ್

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನಮ್ಮದು ಹಳೇ ಹೆಂಚಿನ ಮನೆ. ಉಪ್ಪರಿಗೆ ಮೆಟ್ಟಿಲಿನ ದೀಪಕ್ಕೆ ಕೆಳಗೊಂದು, ಮೇಲೊಂದು ಟೂ-ವೇ ಸ್ವಿಚ್ ಇದೆ. ಮೇಲಿನದು ಹಾಳಾಗಿದ್ದರಿಂದ ನಾನೇ ಹೊಸದು ಹಾಕಿದೆ. ಅದೇ ದಿನ 40 ವ್ಯಾಟಿನ ಹಳೇ ಬಲ್ಬ್ ತೆಗೆದು 9 ವ್ಯಾಟಿನ ಎಲ್‌ಇಡಿ ಹಾಕಿದೆ. ಈಗ ಕೆಳಗಿನ ಸ್ವಿಚ್ ಒಂದು ಬದಿಗಿದ್ದರೆ ಮಾತ್ರ ಮೇಲಿನದು ಕೆಲಸ ಮಾಡುತ್ತದೆ. ಆಫ್ ಮಾಡಿದರೂ ಬಲ್ಬ್ ರಾತ್ರಿಯಿಡೀ ಮಂದವಾಗಿ ಉರಿಯುತ್ತದೆ. ಹೊಸ ಸ್ವಿಚ್ಚೇ ಸರಿಯಿಲ್ಲವೇ?

ಉತ್ತರ: ಸ್ವಿಚ್ ಸರಿಯಾಗಿಯೇ ಇರಬೇಕು. ನಿಮ್ಮದು ಎರಡು ಬೇರೆ ಬೇರೆ ತೊಂದರೆ.

ಮೊದಲನೆಯದು ಸುಲಭದ್ದು. ಟೂ-ವೇ ಸ್ವಿಚ್ಚಿನ ಮೂರು ಟರ್ಮಿನಲ್‌ಗಳಲ್ಲಿ ಒಂದು ಕಾಮನ್, ಅಂದರೆ ಸ್ವಿಚ್ ಒತ್ತಿದಂತೆ ಉಳಿದೆರಡರಲ್ಲಿ ಒಂದಕ್ಕೆ ಸೇರಿಕೊಳ್ಳುವ ಟರ್ಮಿನಲ್. ಮಾಡ್ಯುಲರ್ ಸ್ವಿಚ್‌ಗಳಲ್ಲಿ ಸಾಮಾನ್ಯವಾಗಿ ನಡುವಿನದು. ಹಳೇ ಸ್ವಿಚ್ಚಿನಲ್ಲಿ ಅದು ಬೇರೆ ಕಡೆ ಇದ್ದಿರಬಹುದು. ನೀವು ವೈರುಗಳನ್ನು ಇದ್ದ ಜಾಗ ನೋಡಿಕೊಂಡೇ ಕೂರಿಸಿದಿರಿ, ಕಾಮನ್‌ಗೆ ಹೋಗಬೇಕಾದ್ದು ಪಕ್ಕಕ್ಕೆ ಹೋಯಿತು. ಉಳಿದೆರಡು ವೈರ್ ಅದಲು ಬದಲಾದರೂ ನಡೆಯುತ್ತದೆ, ಹಾಗಾಗಿ ಕಾಮನ್‌ಗೆ ಒಂದೊಂದೇ ವೈರ್ ಹಾಕಿ ನೋಡಿದರೆ ಹೆಚ್ಚೆಂದರೆ ಮೂರು ಸಲಕ್ಕೆ ಸರಿಯಾಗುತ್ತದೆ. ಆದರೆ ಕೆಲವು ಹಳೇ ಮನೆಗಳಲ್ಲಿ ವೈರ್ ಉಳಿಸಲೆಂದು ಒಂದೇ ಸ್ವಿಚ್ಚಿಗೆ ಫೇಸ್ (ಕರೆಂಟ್ ಬರುವ ವೈರ್), ನ್ಯೂಟ್ರಲ್ (ವಾಪಸ್ ಹೋಗುವ ವೈರ್) ಎರಡನ್ನೂ ಕೊಟ್ಟಿರುತ್ತಾರೆ. ಅಲ್ಲಿ ಹೀಗೆ ಬದಲಾಯಿಸಿದರೆ ಶಾರ್ಟ್ ಆಗುತ್ತದೆ. ಹಳೇ ವೈರಿಂಗಿನಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್ ಎಂಬ ಬಣ್ಣವನ್ನೂ ನಂಬುವಂತಿಲ್ಲ. ಅನುಮಾನ ಬಂದರೆ ಅಲ್ಲಿಗೇ ನಿಲ್ಲಿಸಿ, ಎಲೆಕ್ಟ್ರಿಷಿಯನ್‌ರನ್ನು ಕರೆಸಿ.

ಬಿಚ್ಚುವ ಮುಂಚೆ ಎಂಸಿಬಿ (ತಾನೇ ಟ್ರಿಪ್ ಆಗುವ ಸ್ವಿಚ್) ಒಂದನ್ನೇ ಇಳಿಸಿ ಕೈ ಹಾಕಬೇಡಿ. ಸಿಂಗಲ್ ಪೋಲ್ ಎಂಸಿಬಿ ಕಡಿಯುವುದು ಒಂದೇ ವೈರನ್ನು. ಫೇಸ್ ಇನ್ನೊಂದರಲ್ಲಿದ್ದರೆ ಕರೆಂಟ್ ಹಾಗೇ ಉಳಿಯುತ್ತದೆ. ಮೇನ್ ಸ್ವಿಚ್ಚನ್ನೇ ತೆಗೆಯಿರಿ. ಮಲೆನಾಡಿನ ಮಳೆಗಾಲದಲ್ಲಿ ಯುಪಿಎಸ್ ಇಲ್ಲದ ಮನೆ ಕಡಿಮೆ, ಮೇನ್ ತೆಗೆದರೂ ಮೆಟ್ಟಿಲ ದೀಪ ಅದರ ಲೈನಿನಲ್ಲಿದ್ದರೆ 230 ವೋಲ್ಟ್ ಇದ್ದೇ ಇರುತ್ತದೆ. ಅದನ್ನೂ ಆಫ್ ಮಾಡಿ. ಟೆಸ್ಟರನ್ನು ಮೊದಲು ಕರೆಂಟ್ ಇರುವ ಸಾಕೆಟ್ಟಿನಲ್ಲಿ ಪರೀಕ್ಷಿಸಿಟ್ಟುಕೊಂಡು, ಎಲ್ಲ ಆಫ್ ಮಾಡಿದ ಮೇಲೆ ಸ್ವಿಚ್ಚಿಗೆ ಮುಟ್ಟಿಸಿ ನೋಡಿ. ಒಣಗಿದ ಮರದ ಸ್ಟೂಲಿನ ಮೇಲೆ ನಿಂತು ಹಿಡಿದರೆ ಟೆಸ್ಟರ್ ಮಂಕಾಗಿ ಉರಿದು ಮೋಸ ಮಾಡುತ್ತದೆ, ಎಚ್ಚರ.

ನನಗೆ ಚಿಂತೆಯಾಗಿರುವುದು ಎರಡನೆಯದು. ಎಲ್‌ಇಡಿಗೆ ಚೂರು ಕರೆಂಟ್ ಸಾಕು, ಮಿಣುಕುತ್ತದೆ. ಅಷ್ಟಕ್ಕೆ 40 ವ್ಯಾಟಿನ ತಂತಿ ಕೆಂಪಾಗುವುದೂ ಇಲ್ಲ. ಅಂದರೆ ಈ ದೋಷ ಮೊದಲಿಂದಲೂ ಇದ್ದಿರಬಹುದು, ಹೊಸ ಬಲ್ಬ್ ಅದನ್ನು ತೋರಿಸಿಕೊಟ್ಟಿದೆ. ಹೊಸ ಸ್ವಿಚ್ಚಿನಲ್ಲಿ ಸಣ್ಣ ಕೆಂಪು ಇಂಡಿಕೇಟರ್ ಇದೆಯೇ? ಅದರ ಮೂಲಕ ಹರಿಯುವ ಕರೆಂಟ್ ಇರಬಹುದು. ಇಂಡಿಕೇಟರ್ ಇಲ್ಲದ ಸ್ವಿಚ್ ಹಾಕಿದರೆ ಮುಗಿಯಿತು. ಉದ್ದಕ್ಕೆ ಅಕ್ಕಪಕ್ಕ ಓಡುವ ವೈರುಗಳಿಂದಲೂ ಹೀಗಾಗುವುದುಂಟು, ಅದರಿಂದ ಅಪಾಯವಿಲ್ಲ.

ಅಪಾಯ ಇರುವುದು ಸ್ವಿಚ್ ಫೇಸಿನಲ್ಲಿರದೆ ನ್ಯೂಟ್ರಲಿನಲ್ಲಿದ್ದಾಗ. ಆಗ ಆಫ್ ಮಾಡಿದರೂ ಹೋಲ್ಡರಿಗೆ ಫೇಸ್ ಬರುತ್ತಲೇ ಇರುತ್ತದೆ. ಮಳೆಗೆ ಗೋಡೆ ಬೆವತಿರುವ ಮನೆ, ತೋಟದಿಂದ ಬಂದ ಒದ್ದೆ ಕಾಲು, ಬಲ್ಬ್ ಬಿಚ್ಚುವ ಕೈ ಹೋಲ್ಡರಿನ ಪಿನ್ನಿಗೆ ತಗುಲಿದರೆ ಸಾಕು.

ಇದನ್ನು ಪತ್ತೆ ಮಾಡಲು ಮೂರು ಪಿನ್ನಿನ ಸಾಕೆಟ್ಟುಗಳಿಂದ ಶುರುಮಾಡಿ. ಅರ್ಥಿಂಗಿನ ದೊಡ್ಡ ತೂತು ಮೇಲಿರುವಂತೆ ಎದುರಿನಿಂದ ನೋಡಿದಾಗ ಟೆಸ್ಟರ್ ಬಲಗಡೆಯ ತೂತಿನಲ್ಲಿ ಉರಿಯಬೇಕು. ಎಲ್ಲ ಕೋಣೆಗಳಲ್ಲೂ ಎಡಗಡೆ ಉರಿದರೆ ಮೀಟರಿನ ಹತ್ತಿರವೇ ಫೇಸ್, ನ್ಯೂಟ್ರಲ್ ತಿರುಗುಮುರುಗಾಗಿರುವ ಸಾಧ್ಯತೆ ಹೆಚ್ಚು. ಮೀಟರಿಗೆ ಮುಂಚಿನದ್ದು ವಿದ್ಯುತ್ ಕಂಪನಿ ಮೆಸ್ಕಾಂ ಕೆಲಸ, 1912ಕ್ಕೆ ದೂರು ಕೊಡಿ. ಸಾಕೆಟ್ಟುಗಳು ಸರಿಯಿದ್ದರೆ ಮೆಟ್ಟಿಲ ಲೈನಿನ ಜಾಯಿಂಟ್ ಬಾಕ್ಸನ್ನು ಎಲೆಕ್ಟ್ರಿಷಿಯನ್‌ರಿಂದಲೇ ತೆಗೆಸಿ ನೋಡಿ. ಅವರು ಬಂದಾಗಲೇ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿಕೊಳ್ಳಿ. ಎಂಸಿಬಿ ಇರುವುದು ಓವರ್‌ಲೋಡ್ ಮತ್ತು ಶಾರ್ಟ್‌ಗೆ. ಶಾಕ್ ಹೊಡೆದಾಗ ಲೈನ್ ಕಡಿಯುವುದು ಆರ್‌ಸಿಸಿಬಿ.

ಅಲ್ಲಿಯವರೆಗೆ ಆ ಬಲ್ಬನ್ನು ಮನೆಯವರು ಯಾರೂ ಮೇನ್, ಯುಪಿಎಸ್ ಎರಡೂ ತೆಗೆಯದೆ ಮುಟ್ಟುವುದು ಬೇಡ.