ನೈಟ್ ಡ್ಯೂಟಿ, ಇನ್‌ಚಾರ್ಜ್ ಸಿಸ್ಟರ್ ಮತ್ತು ರಾಜೀನಾಮೆ

ಪ್ರಶ್ನೆ: 120 ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲಿ ನಾಲ್ಕು ವರ್ಷದಿಂದ ಸ್ಟಾಫ್ ನರ್ಸ್ ಆಗಿದ್ದೇನೆ. ರಾತ್ರಿ 22 ರೋಗಿಗಳಿಗೆ ನಾವಿಬ್ಬರೇ. ಇಂಜೆಕ್ಷನ್ ತಡವಾದರೆ ಇನ್‌ಚಾರ್ಜ್ ಸಿಸ್ಟರ್ ರೋಗಿಗಳೆದುರೇ ಬೈಯುತ್ತಾರೆ. ವಾರದ ರಜೆಯಲ್ಲೂ ಫೋನ್ ಮಾಡಿ ಕರೆಸುತ್ತಾರೆ. ಈ ವೃತ್ತಿಯೇ ಬೇಡ ಅನ್ನಿಸಿದೆ. ನಾನೇ ಕೈಲಾಗದವಳಾ?
– ಹೆಸರು ಬೇಡ, ದಾವಣಗೆರೆ

ಉತ್ತರ: ಲೆಕ್ಕ ಹಾಕಿ ನೋಡಿ. ನಿಮ್ಮ ಪಾಲಿಗೆ 11 ರೋಗಿಗಳು. ಔಷಧ ಪರಿಶೀಲಿಸಿ, ಆಂಟಿಬಯೋಟಿಕ್ ಕಲಸಿ, ಕ್ಯಾನ್ಯುಲಾ (ರಕ್ತನಾಳಕ್ಕೆ ಹಾಕಿದ ಸಣ್ಣ ಕೊಳವೆ) ನೋಡಿ, ಕೊಟ್ಟು ಬರೆಯಲು ತಲಾ 8 ನಿಮಿಷ ಎಂದರೂ 10 ಗಂಟೆಯ ಡೋಸ್ ಕೊನೆಯವರಿಗೆ ಸಿಗುವುದು 11.20ರ ಮೇಲೆ. ಅಷ್ಟರಲ್ಲಿ ಒಂದು ಅಡ್ಮಿಷನ್ ಬಂದರೆ ಮುಗಿಯಿತು. ನೀವು ಎಷ್ಟೇ ಚುರುಕಾಗಿದ್ದರೂ ಈ ಲೆಕ್ಕ ಬದಲಾಗದು.

ಒಂದು ಮಾತು ಕಹಿ ಅನ್ನಿಸಬಹುದು. ತಡವಾಗಿ ಕೊಟ್ಟರೂ ಚಾರ್ಟಿನಲ್ಲಿ ‘10 ಗಂಟೆ’ ಎಂದೇ ಬರೆಯುವ ರೂಢಿ ನಿಮ್ಮ ವಾರ್ಡಿನಲ್ಲೂ ಇದ್ದರೆ, ಸಿಬ್ಬಂದಿ ಕೊರತೆಯನ್ನು ನಿಮ್ಮ ಪೆನ್ನೇ ಮುಚ್ಚಿಡುತ್ತಿದೆ. ಆಡಳಿತದ ಕಣ್ಣಿಗೆ ಎಲ್ಲವೂ ಸರಿ. ನಾಳೆ ಏನಾದರೂ ಎಡವಟ್ಟಾದರೆ ಸಹಿ ಮಾತ್ರ ನಿಮ್ಮದು. ಇವತ್ತಿನಿಂದಲೇ ಕೊಟ್ಟ ಸಮಯವನ್ನೇ ಬರೆಯಿರಿ.

ಜೊತೆಗೆ ನಾಲ್ಕು ವಾರ ಒಂದು ಸಣ್ಣ ನೋಟ್‌ಬುಕ್ ಇಡಿ. ಪ್ರತಿ ಶಿಫ್ಟಿಗೂ ಎಷ್ಟು ರೋಗಿಗಳು, ಎಷ್ಟು ನರ್ಸ್, ಆಕ್ಸಿಜನ್‌ನಲ್ಲಿ ಎಷ್ಟು ಮಂದಿ, ಒಂದು ಗಂಟೆಗಿಂತ ತಡವಾದ ಡೋಸ್ ಎಷ್ಟು, ಊಟಕ್ಕೆ ಬಿಡುವು ಸಿಕ್ಕಿತೇ, ಮನೆಗೆ ಹೊರಟದ್ದು ಎಷ್ಟಕ್ಕೆ. ರೋಗಿಗಳ ಹೆಸರು ಮಾತ್ರ ಬೇಡ.

ರಜೆಯ ದಿನದ ಫೋನಿಗೂ ಮೂಲ ಈ ಸಿಬ್ಬಂದಿ ಕೊರತೆಯೇ ಇರಬಹುದು. ಸಿಬ್ಬಂದಿ ಲೆಕ್ಕದಲ್ಲಿ ಶೇ 30 ರಜಾ ಮೀಸಲು (ರಜೆ ಹಾಕಿದವರ ಬದಲಿಗೆ ಹೆಚ್ಚುವರಿ ಜನ) ಇರಬೇಕೆಂದು ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ ಹೇಳುತ್ತದೆ; ಹತ್ತು ಜನ ಬೇಕಾದಲ್ಲಿ ಹದಿಮೂರು. ಆ ಮೂವರನ್ನು ಉಳಿತಾಯ ಮಾಡಿದಲ್ಲಿ ಒಬ್ಬರು ಹೆರಿಗೆ ರಜೆಗೆ ಹೋದರೂ ರೋಸ್ಟರ್ (ಡ್ಯೂಟಿ ಪಟ್ಟಿ) ಕುಸಿಯುತ್ತದೆ, ಇನ್‌ಚಾರ್ಜ್ ಫೋನ್ ಹಿಡಿಯುತ್ತಾರೆ. ಅವರೂ ಇಕ್ಕಳದಲ್ಲಿ ಸಿಕ್ಕವರೇ. ಹಾಗೆಂದು ಎಲ್ಲರೆದುರು ಬೈಯಲು ಅದು ಪರವಾನಗಿಯಲ್ಲ. ಶಿಫ್ಟ್ ಬದಲಾಗುವ ಹ್ಯಾಂಡೋವರ್ ಗಡಿಬಿಡಿಯಲ್ಲಿ ಬೇಡ, ಮಧ್ಯಾಹ್ನ ವಾರ್ಡ್ ತಣ್ಣಗಿದ್ದಾಗ ಹೇಳಿ: ‘ಸಿಸ್ಟರ್, ತಪ್ಪಿದ್ದರೆ ಡ್ಯೂಟಿ ರೂಮಿಗೆ ಕರೆದು ಹೇಳಿ, ತಿದ್ದಿಕೊಳ್ತೀನಿ.’ ಅವತ್ತು ಇದೊಂದೇ ಮಾತು; ರೋಸ್ಟರ್ ವಿಷಯ ಎತ್ತಬೇಡಿ.

ರೋಸ್ಟರ್‌ಗೆ ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ಪತ್ರ ಕೊಡಿ. ಮೂರ್ನಾಲ್ಕು ಮಂದಿ ಸಹಿ ಹಾಕಿ, ನೋಟ್‌ಬುಕ್ಕಿನ ಅಂಕಿ ಸೇರಿಸಿ, ಪತ್ರದ ನಕಲಿನ ಮೇಲೆ ಸ್ವೀಕೃತಿ ಪಡೆಯಿರಿ. ‘ನಮಗೆ ಸುಸ್ತು’ ಎಂಬುದಕ್ಕಿಂತ ‘ಈ ತಿಂಗಳು ಇಷ್ಟು ಡೋಸ್ ತಡವಾಗಿದೆ’ ಎಂಬ ಸಾಲಿಗೆ ತೂಕ ಹೆಚ್ಚು. ಕೇಳುವುದು ಎರಡೇ: ರಾತ್ರಿಗೆ ಮೂರನೆಯವರು, ಎರಡು ವಾರ ಮೊದಲೇ ರೋಸ್ಟರ್.

ಸಂಬಳದ ಮಾತು ಬಂದರೆ, 2016ರ ಸುಪ್ರೀಂ ಕೋರ್ಟ್ ನಿರ್ದೇಶನದಂತೆ ರಚನೆಯಾದ ಸಮಿತಿ, ನೂರಕ್ಕಿಂತ ಹೆಚ್ಚು ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲಿ ನರ್ಸ್ ವೇತನ ಸರ್ಕಾರಿ ನರ್ಸ್ ವೇತನಕ್ಕಿಂತ ಶೇ 10ಕ್ಕಿಂತ ಹೆಚ್ಚು ಕಡಿಮೆ ಇರಬಾರದು ಎಂದಿದೆ. ಅದು ಶಿಫಾರಸು, ಕಾಯಿದೆಯಲ್ಲ.

ಎರಡು ತಿಂಗಳಲ್ಲಿ ಏನೂ ಅಲುಗದಿದ್ದರೆ ಆಸ್ಪತ್ರೆ ಬಿಡಿ, ವೃತ್ತಿಯನ್ನಲ್ಲ. ಸಿಟ್ಟಿನಲ್ಲಿ ನಿಲ್ಲಿಸಬೇಡಿ, ನೇಮಕಾತಿ ಪತ್ರದಲ್ಲಿರುವಷ್ಟು ದಿನ ನೋಟಿಸ್ ಕೊಟ್ಟು ರಿಲೀವಿಂಗ್ ಲೆಟರ್, ಅನುಭವ ಪತ್ರ ಕೈಗೆ ಬಂದ ಮೇಲೆ ಹೊರಡಿ. ಹೊಸ ಕಡೆ ಸಂಬಳ ಕೇಳುವ ಮೊದಲು ಕಳೆದ ತಿಂಗಳ ರೋಸ್ಟರ್ ತೋರಿಸಿ ಎನ್ನಿ.