ಮೇ ತಿಂಗಳ ದೆಹಲಿಯಲ್ಲಿ ಫೋಟೋ: ಜಾಗಕ್ಕಿಂತ ಮೊದಲು ಹೊತ್ತು ನೋಡಿ

ಪ್ರಶ್ನೆ: ಮಗಳ ಶಾಲೆ ಶುರುವಾಗುವ ಮೊದಲು, ಮೇ ಕೊನೆಯಲ್ಲಿ ಮಡಿಕೇರಿಯಿಂದ ನಾಲ್ಕು ದಿನಕ್ಕೆ ದೆಹಲಿಗೆ ಹೋಗುತ್ತಿದ್ದೇವೆ. ಹೊಸ ಮಿರರ್‌ಲೆಸ್ ಕ್ಯಾಮೆರಾ ಇದೆ. ಅದರ ಜೊತೆ ಬಂದ ಲೆನ್ಸ್ ಬಿಟ್ಟರೆ ಬೇರೆ ಇಲ್ಲ. ಆ ಬಿಸಿಲಿನಲ್ಲಿ ಒಳ್ಳೆ ಫೋಟೋ ತೆಗೆಯಲು ಆಗುತ್ತದಾ? ಏನೇನು ನೋಡಿಕೊಳ್ಳಬೇಕು?

ಉತ್ತರ:

ಖಂಡಿತ ಆಗುತ್ತದೆ. ನಾನು ಸುಂಟಿಕೊಪ್ಪ ಕಡೆಯವನು, ತೋಟದ ಕೆಲಸದ ನಡುವೆ ಫೋಟೋ ತೆಗೆಯುತ್ತೇನೆ. ಅಕ್ಕನ ಮನೆ ದೆಹಲಿಯಲ್ಲಿದೆ. ಕೊಯ್ಲು ಮುಗಿದು ಮಳೆ ಹಿಡಿಯುವ ಮೊದಲು ನಮಗೆ ಸಿಗುವ ಬಿಡುವು ಅಷ್ಟೇ ಅಲ್ವಾ, ಹಾಗಾಗಿ ನಾನು ಆ ಊರನ್ನು ನೋಡಿರುವುದೆಲ್ಲ ಬೇಸಿಗೆಯಲ್ಲೇ.

ಯಾವ ಯಾವ ಜಾಗ ಎಂದು ಪಟ್ಟಿ ಮಾಡುವ ಮೊದಲು ಯಾವ ಹೊತ್ತಿಗೆ ಹೊರಗಿರಬೇಕು ಎಂದು ತೀರ್ಮಾನಿಸಿ. ಮೇ ಕೊನೆಗೆ ದೆಹಲಿಯಲ್ಲಿ ಬೆಳಗ್ಗೆ ಸುಮಾರು 5:25ಕ್ಕೇ ಸೂರ್ಯ ಹುಟ್ಟುತ್ತಾನೆ. ಮಡಿಕೇರಿಗಿಂತ ಅರ್ಧ ಗಂಟೆಗೂ ಹೆಚ್ಚು ಮೊದಲು. ಮುಳುಗುವುದು ಏಳು ದಾಟಿದ ಮೇಲೆ. ಎಂಟು ಗಂಟೆಗೆ ತಿಂಡಿ ತಿಂದು ಆರಾಮವಾಗಿ ಹೊರಟರೆ ಬೆಳಗಿನ ಒಳ್ಳೆಯ ಬೆಳಕು ಮುಗಿದೇ ಹೋಗಿರುತ್ತದೆ. ಐದಕ್ಕೆ ರೂಮಿನಿಂದ ಹೊರಗೆ ಬಿದ್ದು ಒಂಬತ್ತರವರೆಗೆ ಸುತ್ತಿ. ವಾಪಸ್ ಬಂದು ತಿಂಡಿ, ಸ್ನಾನ, ನಿದ್ದೆ. ಮತ್ತೆ ಹೊರಡುವುದು ಸಂಜೆ ನಾಲ್ಕೂವರೆ ಹೊತ್ತಿಗೆ. ಮಗಳು ಜೊತೆಗಿರುವುದರಿಂದ ಇದು ಫೋಟೋಗಾಗಿ ಮಾತ್ರ ಹೇಳುತ್ತಿಲ್ಲ. ಪಾರಾ 40 ಡಿಗ್ರಿ ದಾಟುವುದು ಅಲ್ಲಿ ಮಾಮೂಲು, ಮಧ್ಯಾಹ್ನ ಬೀಸುವ ‘ಲೂ’ ಗಾಳಿ ಮುಖ ಸುಡುತ್ತದೆ. ನೀರು, ಓಆರ್‌ಎಸ್ ಪೊಟ್ಟಣ, ಟೋಪಿ ಕ್ಯಾಮೆರಾಗಿಂತ ಮೊದಲು ಬ್ಯಾಗಿಗೆ ಹೋಗಲಿ.

ಕೊಡಗಿನಲ್ಲಿ ಫೋಟೋ ಕಲಿತವರಿಗೆ ಅಲ್ಲಿನ ಬೆಳಕು ಮೊದಲ ದಿನ ಕಷ್ಟ ಅನಿಸುತ್ತದೆ. ನಮ್ಮ ತೋಟದಲ್ಲಿ ಸಿಲ್ವರ್ ಓಕ್, ಹಲಸಿನ ಮರಗಳ ಎಲೆ ದಾಟಿ ಬರುವ ಹೊತ್ತಿಗೆ ಬಿಸಿಲು ಮೆತ್ತಗಾಗಿರುತ್ತದೆ. ಕಡು ಹಸಿರು ಜಾಸ್ತಿ ಇರುವುದರಿಂದ ಕ್ಯಾಮೆರಾ ಅದನ್ನು ಕತ್ತಲೆ ಎಂದುಕೊಂಡು ಚಿತ್ರವನ್ನು ಬೆಳ್ಳಗೆ ಮಾಡಿಬಿಡುತ್ತದೆ. ನಾವು ಎಕ್ಸ್‌ಪೋಷರ್ (ಚಿತ್ರದ ಬೆಳಕಿನ ಮಟ್ಟ) ಅನ್ನು ಮೈನಸ್‌ಗೆ ತಳ್ಳುವುದನ್ನು ರೂಢಿ ಮಾಡಿಕೊಂಡಿರುತ್ತೇವೆ. ದೆಹಲಿಯಲ್ಲಿ ಬಿಳಿ ಅಮೃತಶಿಲೆಯೋ ಲೋಟಸ್ ಟೆಂಪಲ್‌ನ ದಳಗಳೋ ಫ್ರೇಮ್ ತುಂಬ ಬಂದರೆ ಇದು ಉಲ್ಟಾ. ಕ್ಯಾಮೆರಾ ಬಿಳಿಯನ್ನು ಬೂದು ಮಾಡುತ್ತದೆ. ಆಗ ಸ್ವಲ್ಪ ಪ್ಲಸ್ ಕೊಡಬೇಕು. ಎಷ್ಟು ಎನ್ನುವುದನ್ನು ಸ್ಕ್ರೀನ್ ನೋಡಿ ಅಂದಾಜು ಮಾಡಬೇಡಿ, ಬಿಸಿಲಿಗೆ ಅದು ಸರಿಯಾಗಿ ಕಾಣುವುದೇ ಇಲ್ಲ. ಹಿಸ್ಟೋಗ್ರಾಮ್ ಆನ್ ಮಾಡಿಕೊಳ್ಳಿ, ಅದು ಚಿತ್ರದಲ್ಲಿ ಕಪ್ಪು ಎಷ್ಟು (ಎಡಕ್ಕೆ), ಬಿಳಿ ಎಷ್ಟು (ಬಲಕ್ಕೆ) ಎಂದು ತೋರಿಸುವ ಗ್ರಾಫ್. ಗ್ರಾಫ್ ಬಲಗಡೆಯ ಗೋಡೆಗೆ ಗುದ್ದದ ಹಾಗೆ ನೋಡಿಕೊಂಡರೆ ಸಾಕು. ರಾ ಫೈಲ್‌ನಲ್ಲಿ, ಅಂದರೆ ಕ್ಯಾಮೆರಾ ತಿದ್ದದೆ ಹಾಗೇ ಉಳಿಸುವ ಫೈಲ್‌ನಲ್ಲಿ ತೆಗೆಯಿರಿ, ನೆರಳಿನ ಭಾಗವನ್ನು ಮನೆಗೆ ಬಂದ ಮೇಲೆ ಎತ್ತಬಹುದು. ಸುಟ್ಟುಹೋದ ಬಿಳಿ ಮಾತ್ರ ವಾಪಸ್ ಬರುವುದಿಲ್ಲ.

ಇನ್ನೊಂದು ವಿಷಯ ಆಕಾಶ. ಧೂಳಿನಿಂದಾಗಿ ಮೇ ತಿಂಗಳಲ್ಲಿ ಅಲ್ಲಿನ ಆಕಾಶ ಬಿಳಿಚಿಕೊಂಡಿರುತ್ತದೆ. ಆಕಾಶದ ನೀಲಿ ಗಾಢವಾಗಿಸುವ ಪೋಲರೈಸರ್ ಫಿಲ್ಟರನ್ನು ಲೆನ್ಸ್ ಮುಂದೆ ಹಾಕಿದರೂ ನೀಲಿ ಬರುವುದಿಲ್ಲ. ಆಕಾಶವನ್ನು ಫ್ರೇಮ್‌ನಿಂದ ಹೊರಗೇ ಇಡಿ. ಕಮಾನಿನ ಒಳಗಿಂದ ತೆಗೆಯಿರಿ, ಇಲ್ಲವೇ ಮರದ ಕೊಂಬೆಯಿಂದ ಮೇಲ್ಭಾಗ ಮುಚ್ಚಿ. ಒಂದು ಸಂಜೆ ‘ಆಂಧಿ’ ಎನ್ನುವ ಧೂಳುಗಾಳಿ ಎದ್ದು, ಹಿಂದೆಯೇ ನಾಲ್ಕು ಹನಿ ಮಳೆ ಬಿದ್ದರೆ ನಿಮ್ಮ ಅದೃಷ್ಟ. ಗಾಳಿ ಏಳುವಾಗ ಒಳಗಿರಿ, ನಿಂತ ತಕ್ಷಣ ಹೊರಗೆ ಬನ್ನಿ. ಧೂಳು ಕೂತು, ಕೆಂಪು ಕಲ್ಲಿನ ಬಣ್ಣ ಎದ್ದು ಬರುತ್ತದೆ.

ಇನ್‌ಸ್ಟಾಗ್ರಾಮ್‌ನಲ್ಲಿ ಯಮುನಾ ಘಾಟ್‌ನ ದೋಣಿ, ಸುತ್ತ ಸಾವಿರಾರು ಬಿಳಿ ಹಕ್ಕಿ, ಇಬ್ಬನಿಯಲ್ಲಿ ಇಂಡಿಯಾ ಗೇಟ್ ನೋಡಿರಬಹುದು. ಅವೆಲ್ಲ ಚಳಿಗಾಲದ ಚಿತ್ರಗಳು. ಆ ಹಕ್ಕಿಗಳು ಚಳಿಗಾಲಕ್ಕೆ ಬಂದು ಹೋಗುವ ಗಲ್ ಎನ್ನುವ ನೀರುಹಕ್ಕಿಗಳು. ಮೇ ತಿಂಗಳಲ್ಲಿ ಅವನ್ನು ಹುಡುಕಿಕೊಂಡು ಸುಮ್ನೆ ಹೋಗಬೇಡಿ.

ಬೇಸಿಗೆಗೆಂದೇ ದೆಹಲಿಯಲ್ಲಿ ಒಂದು ಚಂದ ಇದೆ, ಪ್ರವಾಸಿಗಳು ಅದನ್ನು ಕಾರಿನ ಕಿಟಕಿಯಿಂದ ನೋಡಿ ಮುಂದೆ ಹೋಗುತ್ತಾರೆ. ಕಕ್ಕೆ ಮರ. ಅಲ್ಲಿ ಅಮಲ್ತಾಸ್ ಎನ್ನುತ್ತಾರೆ. ಮೇ ಮತ್ತು ಜೂನ್‌ನಲ್ಲಿ ಹೊಸ ದೆಹಲಿಯ ಎಷ್ಟೋ ರಸ್ತೆಗಳು ಈ ಹಳದಿ ಹೂವಿನಿಂದ ತುಂಬಿರುತ್ತವೆ, ಮಧ್ಯೆ ಮಧ್ಯೆ ಗುಲ್ಮೊಹರ್‌ನ ಕೆಂಪು. ಲೋಧಿ ಗಾರ್ಡನ್ ಪಕ್ಕದ ಅಮೃತಾ ಶೇರ್ಗಿಲ್ ಮಾರ್ಗ ಇದಕ್ಕೆ ಹೆಸರುವಾಸಿ. ಬೆಳಗ್ಗೆ ಆರಕ್ಕೆ ಅಲ್ಲಿರಿ. ಹೂವಿನ ಹಿಂದಿನಿಂದ ಬಿಸಿಲು ಬರುವ ಹಾಗೆ ನಿಂತರೆ ಒಂದೊಂದು ಗೊಂಚಲೂ ಹೊಳೆಯುತ್ತದೆ. ಗುಡಿಸುವವರು, ಸೈಕಲ್‌ನಲ್ಲಿ ಹಾಲು ತರುವವರು, ವಾಕಿಂಗ್ ಹೊರಟ ತಾತಂದಿರು, ಯಾರಾದರೊಬ್ಬರು ಚಿತ್ರದೊಳಗೆ ಬರುವವರೆಗೆ ಕಾಯಿರಿ. ಬರೀ ಹೂವಿನ ಚಿತ್ರ ನಮ್ಮ ಊರಲ್ಲೂ ಸಿಗುತ್ತದೆ. ನಂತರ ಲೋಧಿ ಗಾರ್ಡನ್ ಒಳಗೆ ಹೋಗಿ. ಟಿಕೆಟ್ ಇಲ್ಲ. 15 ಮತ್ತು 16ನೇ ಶತಮಾನದ ಗೋರಿಗಳ ನಡುವೆ ಜನ ಯೋಗ ಮಾಡುತ್ತಿರುತ್ತಾರೆ, ಮಗಳಿಗೆ ಓಡಾಡಲು ಹುಲ್ಲು, ನೆರಳು ಎರಡೂ ಇದೆ.

ಸಂಜೆಗೆ ಹುಮಾಯೂನ್ ಗೋರಿ ಇಟ್ಟುಕೊಳ್ಳಿ. ಸಂಜೆಗೇ ಏಕೆ ಎಂದರೆ, ನಾವು ಒಳಗೆ ಹೋಗುವುದು ಪಶ್ಚಿಮದ ಬಾಗಿಲಿನಿಂದ. ಎದುರಿಗೆ ಕಾಣುವುದು ಕಟ್ಟಡದ ಪಶ್ಚಿಮದ ಮುಖ. ಬೆಳಗ್ಗೆ ಹೋದರೆ ಸೂರ್ಯ ಅದರ ಬೆನ್ನಿಗಿರುತ್ತಾನೆ. ಸಂಜೆ ಐದರ ನಂತರ ಬಿಸಿಲು ನೇರ ಆ ಕೆಂಪು ಕಲ್ಲಿನ ಮೇಲೆ ಬೀಳುತ್ತದೆ. ಮುಚ್ಚುವ ಹೊತ್ತನ್ನು ಗೇಟಿನಲ್ಲೇ ಕೇಳಿಕೊಳ್ಳಿ. ಮುಂದಿನ ನೀರಿನ ಕಾಲುವೆಯ ಹತ್ತಿರ ಕೂತು, ಕ್ಯಾಮೆರಾ ನೆಲಮಟ್ಟಕ್ಕೆ ಇಳಿಸಿದರೆ ಗುಮ್ಮಟದ ಪ್ರತಿಬಿಂಬ ಸಿಗಬಹುದು. ಒಳಗಡೆ ಕಲ್ಲಿನ ಜಾಲಂಧ್ರಗಳಿವೆ. ಸೂರ್ಯ ಕೆಳಗಿಳಿದಷ್ಟೂ ಅವುಗಳ ನೆರಳಿನ ಜಾಲರಿ ನೆಲದ ಮೇಲೆ ಉದ್ದವಾಗುತ್ತದೆ. ಮಗಳನ್ನು ಆ ನೆರಳಿನೊಳಗೆ ನಿಲ್ಲಿಸಿ. ಗೋರಿಯ ಮುಂದೆ ಮೂವರೂ ಸಾಲಾಗಿ ನಿಂತ ಫೋಟೋಗಿಂತ ನನಗೆ ಅದೇ ಇಷ್ಟ. ಪಕ್ಕದಲ್ಲೇ 2024ರಲ್ಲಿ ತೆರೆದ ನೆಲದಡಿಯ ಮ್ಯೂಸಿಯಂ ಇದೆ. ಬೇಗ ಬಂದುಬಿಟ್ಟರೆ ಅಲ್ಲಿ ತಣ್ಣಗೆ ಕಾಯಬಹುದು.

ಮಧ್ಯಾಹ್ನ ರೂಮಿನಲ್ಲಿ ಕೂರಲು ಮನಸ್ಸಿಲ್ಲದಿದ್ದರೆ ಕನಾಟ್ ಪ್ಲೇಸ್ ಹತ್ತಿರದ ಅಗ್ರಸೇನ್ ಕಿ ಬಾವೋಲಿಗೆ ಹೋಗಿ. ನೂರಕ್ಕೂ ಹೆಚ್ಚು ಮೆಟ್ಟಿಲಿನ ಹಳೆಯ ಬಾವಿ. ನೆತ್ತಿಯ ಸೂರ್ಯ ಸರಿದ ಮೇಲೆ, ಅಂದರೆ ಮೂರರ ನಂತರ, ಒಂದು ಗೋಡೆಯ ನೆರಳು ಮೆಟ್ಟಿಲುಗಳನ್ನು ಅರ್ಧಕ್ಕೆ ಕತ್ತರಿಸುತ್ತದೆ. ಬಿಸಿಲಿರುವ ಭಾಗಕ್ಕೆ ಎಕ್ಸ್‌ಪೋಷರ್ ಹೊಂದಿಸಿ, ನೆರಳು ಕಪ್ಪಾಗಿಯೇ ಇರಲಿ. ಕಪ್ಪು ಬಿಳುಪಿನಲ್ಲಿ ಇದು ತುಂಬಾ ಚೆನ್ನಾಗಿ ಬರುತ್ತದೆ.

ಒಂದು ಬೆಳಗ್ಗೆಯನ್ನು ಹಳೆ ದೆಹಲಿಗೆ ಕೊಡಲೇಬೇಕು. ಖಾರಿ ಬಾವೋಲಿ ಸಾಂಬಾರ ಪದಾರ್ಥಗಳ ದೊಡ್ಡ ಸಗಟು ಮಾರುಕಟ್ಟೆ. ನಾವು ಒಣಗಿಸಿ ಚೀಲಕ್ಕೆ ತುಂಬುವ ಕರಿಮೆಣಸು, ಏಲಕ್ಕಿಯಂಥವು ಅಲ್ಲಿ ಗುಡ್ಡೆ ಬಿದ್ದಿರುವುದನ್ನು ನೋಡುವಾಗ ಬೆಳೆಗಾರನಿಗೆ ಆಗುವ ಸಂತೋಷವೇ ಬೇರೆ. ಭಾನುವಾರ ಬಿಟ್ಟು ಬೇರೆ ದಿನ ಹೋಗಿ. ಒಣಮೆಣಸಿನ ಘಾಟಿಗೆ ಕೆಮ್ಮು ಬರುತ್ತದೆ, ಮಗಳ ಮೂಗಿಗೆ ಕರವಸ್ತ್ರ ಇರಲಿ. ಮೂಟೆ ಹೊತ್ತವರಿಗೆ ದಾರಿ ಬಿಟ್ಟು ಗೋಡೆಗೆ ಒತ್ತಿ ನಿಲ್ಲಿ, ಅವರಿಗೆ ಅದು ದುಡಿಮೆ. ಮುಖ ತೆಗೆಯುವ ಮೊದಲು ‘ಭಯ್ಯಾ, ಏಕ್ ಫೋಟೋ ಲೇ ಲೂ?’ ಎಂದು ಕೇಳಿ. ಬೇಡ ಅಂದರೆ ಕ್ಯಾಮೆರಾ ಇಳಿಸಿ. ಹೂಂ ಅಂದರೆ, ತೆಗೆದ ಚಿತ್ರವನ್ನು ತೋರಿಸಿ. ಮಾತು ಬೆಳೆದ ಮೇಲೆ ತೆಗೆಯುವ ಎರಡನೇ ಚಿತ್ರವೇ ಸಾಮಾನ್ಯವಾಗಿ ಒಳ್ಳೆಯದು. ಹೋಗುವ ಮೊದಲು ನಮ್ಮ ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ಹುಡುಕಿ ನೋಡಿ. ಸಾಮಾನ್ಯ ಜನರನ್ನು, ಮಕ್ಕಳನ್ನು ಎಷ್ಟು ಗೌರವದಿಂದ ನೋಡಬಹುದು ಎಂದು ಅಲ್ಲಿ ಗೊತ್ತಾಗುತ್ತದೆ.

ಜಾಮಾ ಮಸೀದಿಯ ಅಂಗಳದಲ್ಲಿ ಚಪ್ಪಲಿ ಬಿಡಬೇಕು, ಕಲ್ಲು ಕಾದಿರುತ್ತದೆ. ಕಾಲುಚೀಲ ಹಾಕಿಕೊಳ್ಳಿ. ಅದರ ಎದುರಿನ ಗಲ್ಲಿಯಲ್ಲಿ ಕಲ್ಲಂಗಡಿ ಚೂರು ಹಾಕಿದ ಗುಲಾಬಿ ಬಣ್ಣದ ಶರಬತ್ತು, ಬೇರೆ ಕಡೆ ಬಂಟಾ ಎನ್ನುವ ಗೋಲಿ ಸೋಡಾ, ಮಟ್ಕಾ ಕುಲ್ಫಿ, ಇವೆಲ್ಲ ಬೇಸಿಗೆಯ ಬಣ್ಣಗಳು. ಇವುಗಳನ್ನೂ ಬಿಡಬೇಡಿ.

ಒಂದೇ ಲೆನ್ಸ್ ಇದೆ ಎಂದು ಬೇಸರ ಬೇಡ. ಆ ಧೂಳಿನಲ್ಲಿ ರಸ್ತೆಯಲ್ಲಿ ನಿಂತು ಲೆನ್ಸ್ ಬದಲಿಸಿದರೆ ಸೆನ್ಸರ್ ಮೇಲೆ ಕಲೆ ಕೂರುತ್ತದೆ. ದೂರದ್ದನ್ನು ಹತ್ತಿರ ಎಳೆಯುವ ದೊಡ್ಡ ಲೆನ್ಸ್ ಇದ್ದರೂ ಕಾದ ಗಾಳಿ ಅಲುಗುವುದರಿಂದ ಹಗಲಿನಲ್ಲಿ ಚಿತ್ರ ಕಲಸಿದಂತೆ ಬರುತ್ತದೆ. ಫೋನ್‌ನಲ್ಲೂ ತೆಗೆಯುವುದಾದರೆ ಅದನ್ನು ನೆರಳಿನಲ್ಲಿಡಿ. ಐಫೋನ್ ಬಳಸಲು 0ರಿಂದ 35 ಡಿಗ್ರಿ ಎಂದು ಕಂಪನಿಯೇ ಹೇಳುತ್ತದೆ, ಅದಕ್ಕೂ ಮೀರಿದ ಬಿಸಿಯಲ್ಲಿ ಸ್ಕ್ರೀನ್ ಮಂಕಾಗುತ್ತದೆ.

ಟ್ರೈಪಾಡ್ ಬೇಡ, ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅದಕ್ಕೆ ಮೊದಲೇ ಅನುಮತಿ ಬೇಕು. ಡ್ರೋನ್ ಅಂತೂ ಮನೆಯಲ್ಲೇ ಇರಲಿ. ಅಕ್ಷರಧಾಮದ ಒಳಗೆ ಕ್ಯಾಮೆರಾ, ಫೋನ್ ಎರಡನ್ನೂ ಬಿಡುವುದಿಲ್ಲ. ಕೆಂಪು ಕೋಟೆ ಮತ್ತು ಲೋಟಸ್ ಟೆಂಪಲ್‌ಗೆ ಸೋಮವಾರ ರಜೆ.

ವಾಪಸ್ ಬಂದ ದಿನವೇ ಒಂದು ಕೆಲಸ ಮಾಡಿ. ನೀವು ಬರುವ ಹೊತ್ತಿಗೆ ಕೊಡಗಿನಲ್ಲಿ ಮುಂಗಾರು ಹತ್ತಿರ ಇರುತ್ತದೆ. ಧೂಳಿನ ಸಮೇತ ಬ್ಯಾಗಿನಲ್ಲಿ ಮುಚ್ಚಿಟ್ಟರೆ ನಮ್ಮ ತೇವಕ್ಕೆ ಲೆನ್ಸ್ ಒಳಗೆ ಫಂಗಸ್ ಹಿಡಿಯುತ್ತದೆ. ಬ್ಲೋವರ್‌ನಿಂದ ಊದಿ, ಬ್ರಷ್‌ನಿಂದ ಒರೆಸಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಬಟ್ಟೆಯ ಬ್ಯಾಗನ್ನು ಬಿಸಿಲಿರುವಾಗಲೇ ಒಗೆದು ಒಣಗಿಸಿಕೊಳ್ಳಿ, ಜೂನ್ ಬಂದರೆ ಅದು ಒಣಗುವುದಿಲ್ಲ.